ಬೇವಿನ ಗಿಡದ ಕಡೆ ತಿರುಗುವ ಪಂಖಾ

ಎಪ್ಪತ್ತನಾಲ್ಕನೆಯ ಇಸವಿ. ನಮ್ಮೂರು ಹೊರ್ತಿಯಲ್ಲಿ ನನ್ನ ಬಾವಿಯ ಮೋಟರು ಸುಟ್ಟಿತ್ತು. ಇಂಡಿ ಪೇಟೆಯಲ್ಲಿ ಆಗಷ್ಟೇ ಮೋಟರು ರಿಪೇರಿ ಅಂಗಡಿ ಇಟ್ಟಿದ್ದ ಚಮನಸಾಬನಿಗೆ ಕೊಟ್ಟೆ. ಅವನು ಸ್ವಂತ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿದ ಮೊದಲ ಮೋಟರು ಅದು. ಚಕ್ಕಡಿಯಲ್ಲಿ ತಂದು ಕೂಡಿಸಿ, ಮೂರು ವಾಯರು ನಾನೇ ಜೋಡಿಸಿದೆ. ಗುಂಡಿ ಒತ್ತಿದರೆ ಗುಂಯ್ ಎಂದು ತಿರುಗಿತು. ನೀರು ಮಾತ್ರ ಬರಲಿಲ್ಲ.

ಹೇಳಿಕಳಿಸಿದೆ. ಮರುದಿನ ಮುಂಜಾನೆಯ ಬಸ್ಸಿಗೆ ಚಮನಸಾಬ ಬಂದ. ಮಗ್ಗುಲ ಹೊಲದ ಹಣಮಂತ್ರಾಯನೂ ಬಂದು ನಿಂತ. ಅವನ ಮೋಟರೂ ಸುಟ್ಟಿತ್ತು. ಇವನಿಗೆ ಕೊಡಬೇಕೋ ಬೇಡವೋ ನೋಡುವುದಿತ್ತು.

“ಏನೋ ಚಮನ್ಯಾ, ಮೋಟರ್ ಕಟ್ಟೀಯೋ, ಬೀಸೂ ಕಲ್ಲ ಕಟ್ಟೀಯೋ? ಬರೇ ಸಪ್ಪಳ ಐತಲ್ಲ!” ಗುಂಯ್‌ಗುಡುವ ಮೋಟರು ನೋಡಿ ಹಣಮಂತ್ರಾಯ ನಕ್ಕ.

ಚಮನಸಾಬ ಬಿಚ್ಚಿದ, ತಂತಿಯ ಸುತ್ತು ಎಣಿಸಿದ, ಮತ್ತೆ ಮುಚ್ಚಿ ಚಾಲೂ ಮಾಡಿದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಸುತ್ತು ಬರೋಬರಿ ಅದಾವ್ರಿ ಗುರಣ್ಣಕಾಕಾ. ಕರಂಟ್ ಹರದ್ರ ತಂತಿ ಚುಂಬಕ ಆಗತೈತಿ, ನಡಬರಕ ಇರೂ ಕಬ್ಬಣ ನೂಕತೈತಿ. ನೂಕಾಕತ್ತೈತಿ ನೋಡ್ರಿ! ನೀರ್ ಯಾಕ ಬರವಲ್ದು?” ದನಿ ಸಣ್ಣದಾಯಿತು. “ಮೊದಲನೇದs ಕೆಟ್ರ ಅಂಗಡಿ ಮುಚ್ಚೂದರಿ. ಮನ್ಯಾಗ ಹೇಣ್ತಿ ಪೀರಬಿಗೆ ಏನ್ ಹೇಳ್ಲಿ?”

ನಾನು ಬೇವಿನ ಗಿಡದ ಕೆಳಗೆ ಕುಳಿತು ನೋಡುತ್ತಿದ್ದೆ. ಚಮನಸಾಬ ಮೋಟರು ಬಂದ್ ಮಾಡಿದ. ಅದರ ಹಿಂಬದಿಯ ಪಂಖಾ ನಿಧಾನವಾಗಿ, ಒಂದೊಂದೇ ರೆಕ್ಕೆ ಕಾಣತೊಡಗಿತು. ನಾಲ್ಕು ವರ್ಷ ದಿನಾ ಸಂಜೆ ಅಲ್ಲೇ ಕುಳಿತು ಅದು ನಿಲ್ಲುವುದನ್ನು ಕಂಡವನು ನಾನು. ಆಗೆಲ್ಲ ಮೇಲಿನ ರೆಕ್ಕೆ ಗಿಡದ ಕಡೆ ಬರುತ್ತಿತ್ತು. ಅಂದು ಬಾವಿಯ ಕಡೆ ಹೋಗುತ್ತಿತ್ತು.

“ಚಮನಸಾಬ, ಪಂಖಾ ಉಲ್ಟಾ ತಿರಗಾಕತ್ತೈತಲ್ಲೋ.”

ಅವನು ಗಕ್ಕನೆ ತಿರುಗಿದ. “ವಾಯರ್ ಯಾರ್ ಜೋಡಿಸ್ಯಾರ್ರಿ?”

“ನಾನs. ಮೂರೂ ಒಂದs ಬಣ್ಣ ಇದ್ದೂ, ಹೆಂಗ ಹಚ್ಚಿದ್ರೇನಂತ...”

ಚಮನಸಾಬ ಹಣೆ ಹಣೆ ಬಡಿದುಕೊಂಡು ನಕ್ಕ. “ಮೂರರಾಗ ಎರಡ ಅದಲಬದಲ ಆದ್ರ ಚುಂಬಕ ಹಿಂದಕ್ಕ ನೂಕತೈತ್ರಿ ಕಾಕಾ! ಪಂಪ್ ಉಲ್ಟಾ ತಿರಗಿದ್ರ ನೀರ್ ಎತ್ತೂದಿಲ್ಲ. ಅಂಜಿಕ್ಯಾಗ ನಾನೂ ಸುತ್ತಷ್ಟs ನೋಡಿದೆ.”

ಕರಂಟು ತೆಗೆದು ಎರಡು ವಾಯರು ಬದಲಿಸಿದ. ಗುಂಡಿ ಒತ್ತಿದ. ಪೈಪು ಎರಡು ಸಲ ಕೆಮ್ಮಿತು. ಆಮೇಲೆ ತೊಡೆಯಷ್ಟು ದಪ್ಪ ನೀರು ಕಾಲುವೆಗೆ ಬಿತ್ತು. ಚಮನಸಾಬ ಅದಕ್ಕೇ ಮುಖ ಒಡ್ಡಿ ಕುಳಿತುಬಿಟ್ಟ. ನನ್ನ ಎದೆಯ ಭಾರವೂ ಇಳಿಯಿತು. ತಪ್ಪು ನನ್ನದಾಗಿದ್ದದ್ದೇ ಒಳಿತಾಯಿತು.

ಹಣಮಂತ್ರಾಯ ಚಕ್ಕಡಿ ಹೂಡಲು ಹೊರಟ. “ನನ್ನ ಮೋಟರೂ ಒಯ್ಯೋ ಚಮನ್ಯಾ. ವಾಯರ್ ಮಾತ್ರ ನೀನs ಬಂದು ಜೋಡಸು. ಗುರಣ್ಣಕಾಕಾನ ಕೈಯಾಗ ಕೊಟ್ಟೀ, ನೋಡ್ಮತ್ತ!”