ತೂತುಗಳ ಆಕಾಶ

ಕಾದ ತಗಡಿನ ವಾಸನೆ, ಅದರ ಮೇಲೆ ಮೊಣ್ಣಪ್ಪ ಮಾವನ ಚುಟ್ಟದ ಹೊಗೆ, ಮಧ್ಯಾಹ್ನ ತಿಂದ ಹಂದಿಕರಿಯ ತೇಗು, ಕಿಟಕಿಗಳಿಗೆಲ್ಲ ಕಂಬಳಿ ಹೊದಿಸಿದ ಈ ಕೋಣೆಯಲ್ಲಿ ನಕ್ಷತ್ರಗಳಿಗೂ ವಾಕರಿಕೆ ಬಂದೀತು ಎಂದುಕೊಂಡ ಪೂವಯ್ಯ, ಛಾವಣಿಯ ಮೇಲೆ ಬೆಳಕಿನ ಚುಕ್ಕೆಗಳು ಹೇನಿನ ಹಾಗೆ ತೆವಳುತ್ತಿದ್ದವು, ಮೇಜಿನ ಮೇಲೆ ಆಕಾಶ ತೋರಿಸುವ ತಗಡಿನ ಬುರುಡೆ, ಒಳಗೆ ಬಲ್ಬು, ಮೈತುಂಬ ತೂತು, ತೂತೇ ನಕ್ಷತ್ರ—ಹಳೇದು ಸುಮ್ನೆ ಕೂತಿರ್ತಿತ್ತ್, ಇದು ಹೊಸದ್, ಮದ್ರಾಸಿಂದ ತರ್ಸಿದ್ದ್, ಈ ಹಲ್ಲಿನ ಚಕ್ರ ತಿರುಗ್ಸಿರೆ ಯಾವ ವರ್ಷದ ಆಕಾಶ ಬೇಕಾರೂ ಕಾಣ್ತದೆ, ಗ್ರಹ ಉಂಟು, ಸುತ್ತ ಬೆಟ್ಟದ ಅಂಚೂ ಉಂಟು, ಎನ್ನುತ್ತಿದ್ದ ಮಾವ, ಸುಗ್ಗಿಯ ಹುತ್ತರಿ ಹಬ್ಬಕ್ಕೆಂದು ಕರಿಕೆಯಿಂದ ಬಂದ ನೆಂಟರಿಗೆ, ರಷ್ಯಾದವು ಹಾರ್ಸಿದ ಚುಕ್ಕೆ ಉಂಟಾ ಮೊಣ್ಣಪ್ಪಣ್ಣ, ಎಂದನೊಬ್ಬ ನೆಂಟ, ಅದ್ ಮುಂದಿನ ಮಾಡಲಿಗೆ, ಕೊಡಗನ್ನೇ ಮೈಸೂರಿಗೆ ಸೇರ್ಸಿದೊ, ಒಂದು ಚುಕ್ಕೆ ಸೇರ್ಸುದು ಎಂಥ ಕಷ್ಟ, ನಗು, ಒದ್ದೆ ನಗು, ಅದರ ಎಂಜಲು ತನ್ನ ಕೆನ್ನೆಗೇ ಸಿಡಿದಂತೆ ಪೂವಯ್ಯ ಒರೆಸಿಕೊಂಡ. ಚಕ್ರ ಕಿರುಗುಟ್ಟಿತು. ಚುಕ್ಕೆಗಳು ಹಿಂದಕ್ಕೆ ಜಾರಿದವು, ನಿಂತವು, ಮಾವ ಬಾಯಿ ಬಿಡುವ ಮೊದಲೇ ತಿಳಿಯಿತು ಇದು ಹೋದ ವರ್ಷದ ಹುತ್ತರಿಯ ಸಂಜೆ, ಅಪ್ಪ ಗದ್ದೆಯಲ್ಲಿ ಬಗ್ಗಿದ್ದಾನೆ, ಮೈಮೇಲೆ ಹಬ್ಬದ ಕಪ್ಪು ನಿಲುವಂಗಿ ಕುಪ್ಯ, ಕೆಂಪು ನಡುಪಟ್ಟಿ, ಕದಿರಿಗೆ ಕತ್ತಿ ತಾಗುವ ಗಳಿಗೆಗೆ ಕೋವಿ ಹಾರಬೇಕು, ಆಕಾಶಕ್ಕೆ ಹಾರಬೇಕು, ಬೆಳೆ ಹೆಚ್ಚಲೆಂದು ಪೊಲಿ ಪೊಲಿ ಎಂಬ ಕೂಗು, ಮಾವನ ಕೋವಿ ಹಾರಿತು, ಅಪ್ಪ ಕದಿರಿನ ಮೇಲೆ ಕವುಚಿ ಬಿದ್ದ—ನೋಡಿ, ಇದೇ ರೋಹಿಣಿ, ಎನ್ನುತ್ತಾನೆ ಮಾವ ಛಾವಣಿಗೆ ಬೆರಳು ಮಾಡಿ, ನಾ ಮೇಲೆ ಇದ್ನೇ ಹುಡುಕ್ತಿದ್ದದ್ದ್, ಕೋವಿ ಕೈಲಿ ಇಳ್ದದ್ದ್ ಗೊತ್ತೇ ಆತ್ಲೆ, ಈಗಾದ್ರೂ ನಂಬಿಕೆ ಬಾತಾ, ನೆಂಟರು ತಲೆಯಾಡಿಸುತ್ತಾರೆ, ತಗಡು ಸಾಕ್ಷಿ ಹೇಳಿದ ಮೇಲೆ ಇನ್ನೇನು, ಆದರೆ ಆ ಸಂಜೆ ಮೋಡವಿತ್ತು, ಹುಣ್ಣಿಮೆಯ ಚಂದ್ರನೇ ಕಾಣದಷ್ಟು ಮೋಡ, ಮೋಡಕ್ಕೊಂದು ಚಕ್ರ ಮದ್ರಾಸಿನವರು ಮಾಡಿಲ್ಲ, ಮಾವ ಮೇಲೆ ನೋಡಿರಲೇ ಇಲ್ಲ, ಕಂಕುಳಲ್ಲಿ ಕೋವಿ ಇಟ್ಟುಕೊಂಡು, ಕುಡಿದು, ಹಿಂದೆ ನಿಂತವನ ಯಾವುದೋ ಪೋಲಿ ಮಾತಿಗೆ ತಿರುಗಿ ನಗುತ್ತಿದ್ದ, ಇದೇ ನಗು, ಪಕ್ಕದಲ್ಲೇ ನಿಂತಿದ್ದ ಪೂವಯ್ಯನನ್ನು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ, ಬಿಡ್ ಮಗ, ನನ್ನ ತಮ್ಮ ಅಲಾ, ಬೇಕೂಂತ ಮಾಡಿದ್ದಲ್ಲ, ಎಂದಿದ್ದಳು ಅವ್ವ, ಹೇಳುತ್ತಲೇ ಅಪ್ಪನ ಕುಪ್ಯ ಒಗೆದು ತಂತಿಗೆ ಹಾಕಿದಳು, ಹಿಂದೆ ಬಿಸಿಲು, ಕೋವಿಯ ಚರೆಗುಂಡು ಹೊಕ್ಕ ಬೆನ್ನಿನ ತುಂಬ ತೂತು, ತೂತುಗಳಲ್ಲಿ ಬೆಳಕು. ಪೂವಯ್ಯಾ, ಇಂದ್ ಕದಿರಿಗೆ ನೀನೇ ಕೋವಿ ಹಾರ್ಸೊಕು, ನಮ್ಮೊಳಗೆ ಎಂಥದೂ ಇಲ್ಲೇಂತ ಊರಿಗೆಲ್ಲ ಗೊತ್ತಾಗ್ಲಿ, ತುಂಬ್ಸಿಯೇ ಇಟ್ಟಿದ್ದೇನೆ, ತಕೊ, ಎಂದ ಮಾವ—ತೊಡೆಯ ಮೇಲೆ ತಣ್ಣಗಿನ ಭಾರ, ಹಿಡಿಕೆಯಲ್ಲಿ ಮಾವನ ಬೆವರಿನ ಅಂಟು, ಎಸೆದುಬಿಡಬೇಕು, ಹೇಳಿಬಿಡಬೇಕು, ಮೋಡವಿತ್ತು, ಎಲ್ಲರೂ ಕೇಳಿ, ಮೋಡವಿತ್ತು, ಬೆರಳು ಮಾತ್ರ ತಾನಾಗಿ ಕೋವಿಯ ಕುದುರೆಯನ್ನು ಹುಡುಕುತ್ತಿದೆ, ಬಲ್ಬು ಮಿಣುಕಿತು, ಥತ್, ಬ್ಯಾಟರಿ ವೈರು ಸಡಿಲ ಆತ್, ಎಂದು ಮಾವ ಮೇಜಿಗೆ ಬೆನ್ನು ಮಾಡಿ ಕೆಳಗೆ ಬಗ್ಗಿದ, ಸಂಜೆಗೆಂದು ಈಗಲೇ ತೊಟ್ಟ ಕಪ್ಪು ಕುಪ್ಯ, ಅಗಲ ಬೆನ್ನು, ಬುರುಡೆಯ ಬೆಳಕು ಅದರ ಮೇಲೆ ಬಿತ್ತು, ಅಲುಗಾಡಿತು, ನಿಂತಿತು, ಕಪ್ಪು ಬಟ್ಟೆಯಲ್ಲಿ ತೂತು, ತೂತುಗಳಲ್ಲಿ ಬೆಳಕು, ಕಪ್ಪು ಬಟ್ಟೆಯಲ್ಲಿ ತೂತು—