ಮಾರಾಟದಲ್ಲಿ ಸೇರದ ಕಾರ್ಡು

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಕನ್ನಡಕದಮ್ಮ ಎಂದೇ. ಮೂಲೆಯ ಕನ್ನಡಕದ ಅಂಗಡಿ ಅವಳದು. ಬಂದವರ ಗಲ್ಲವನ್ನು ಯಂತ್ರದ ಮೇಲೆ ಊರಿಸಿ, ಒಂದಾದ ಮೇಲೊಂದು ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದಳು. ಅಂಗಡಿಯಲ್ಲಿ ಬಾಯಿಗೆ ಬಿಡುವಿಲ್ಲ. ಮನೆಯ ಸುದ್ದಿ ಬಂತೋ, ತುಟಿ ಹೊಲಿದುಕೊಂಡ ಹಾಗೆ.

ಹೆಂಡತಿ ಸತ್ತವನೊಬ್ಬನನ್ನು ಮದುವೆಯಾಗಿ ಅವಳು ಆ ಮನೆಗೆ ಬಂದಾಗ ಅಲ್ಲೊಬ್ಬ ಪುಟ್ಟ ಹುಡುಗಿಯಿದ್ದಳು. ಮೊದಲ ದಿನ 'ಚಿಕ್ಕಮ್ಮ' ಎಂದ ಮಗು ಬೆಳೆದು ದೊಡ್ಡವಳಾದರೂ ಚಿಕ್ಕಮ್ಮನನ್ನು ಅಲ್ಲಿಂದ 'ಅಮ್ಮ'ನ ಮಟ್ಟಕ್ಕೆ ಏರಿಸಲಿಲ್ಲ. ಆದರೂ ಅವನಿರುವ ತನಕ ಮೂವರಿಗೂ ಒಂದು ಹೊಂದಾಣಿಕೆಯಿತ್ತು. ಅವನ ಜೋಕಿಗೆ ಇಬ್ಬರೂ ಒಟ್ಟಿಗೇ ಮುಖ ಗಂಟಿಕ್ಕುತ್ತಿದ್ದರು, ಒಟ್ಟಿಗೇ ನಗುತ್ತಿದ್ದರು. ಅವನು ತೀರಿಹೋದ ಮೇಲೆ ಕನ್ನಡಕದಮ್ಮ ಒಂದು ಬೆಳಿಗ್ಗೆ ಬೀರು ತೆಗೆದು ಅವನ ಬಟ್ಟೆಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಳು.

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?" ಎಂದಳು ಹುಡುಗಿ.

"ಕಣ್ಣೆದುರು ನೇತಾಡ್ತಿದ್ರೆ ನನ್ ಕೈಲಿ ಆಗ್ತಿರಲಿಲ್ಲ ಕಣೆ."

"ನಿಮಗೇನು, ಅವರು ಬರೀ ಗಂಡ."

ಆ ಮಾತು ಇಬ್ಬರ ನಡುವೆ ಗೋಡೆಯಾಗಿ ನಿಂತುಬಿಟ್ಟಿತು. ಕಟ್ಟಡಗಳ ನಕ್ಷೆ ಬಿಡಿಸುವ ಕೋರ್ಸಿಗೆ ಸೇರಿ ಹುಡುಗಿ ಬೇರೆ ಊರಿಗೆ ಹೊರಟಳು. ಬಸ್ ನಿಲ್ದಾಣದಲ್ಲಿ ಕನ್ನಡಕದಮ್ಮ ಅವಳ ಕೈಗೆ ಒಂದು ಕ್ರೆಡಿಟ್ ಕಾರ್ಡು ತುರುಕಿದಳು. ಖಾತೆ ಕನ್ನಡಕದಮ್ಮನದು, ಅದರ ಮೇಲೆ ಹುಡುಗಿಯ ಹೆಸರಿಗೆ ಮಾಡಿಸಿದ ಆ್ಯಡ್-ಆನ್ ಕಾರ್ಡು. ಹುಡುಗಿ ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ಆಮೇಲೆ ಫೋನಿಲ್ಲ, ಕಾಗದವಿಲ್ಲ. ಆದರೆ ಹುಡುಗಿ ಎಲ್ಲಿ ಕಾರ್ಡು ಉಜ್ಜಿದರೂ ಕನ್ನಡಕದಮ್ಮನ ಫೋನು 'ಟಿಣ್' ಎನ್ನುತ್ತಿತ್ತು. ಅಂಗಡಿಯ ಹೆಸರು, ಮೊತ್ತ, ಅಷ್ಟೇ. ಅದರಲ್ಲೇ ಅವಳು ಮಗಳ ಬದುಕು ಓದುತ್ತಿದ್ದಳು. ಪುಸ್ತಕದಂಗಡಿ ಎಂದರೆ ಪರೀಕ್ಷೆ ಹತ್ತಿರ ಬಂತು. ಚಪ್ಪಲಿ ಅಂಗಡಿ ಎಂದರೆ ಮತ್ತೆ ಎಡಗಾಲಿನದು ಸವೆದಿದೆ. ಅವಳ ನಡಿಗೆಯೇ ಹಾಗೆ. ಔಷಧಿ ಅಂಗಡಿಯ ಹೆಸರು ಬಂದ ದಿನ ಮಾತ್ರ ಊಟದ ತಟ್ಟೆ ಬಿಟ್ಟು ಏಳುವಳು. ಫೋನು ಕೈಗೆತ್ತಿಕೊಳ್ಳುವಳು. 'ನನ್ನ ಖರ್ಚಿಗೆ ಲೆಕ್ಕ ಕೇಳ್ತೀರಾ' ಎಂದುಬಿಟ್ಟರೆ ಎಂದು ಹೆದರಿ ಕೆಳಗಿಡುವಳು. ಮರುದಿನ ಬೇಕರಿಯದ್ದೋ ಬಸ್ಸಿನದ್ದೋ ಟಿಣ್ ಬಂದರೆ, ಸದ್ಯ, ಎದ್ದು ಓಡಾಡುತ್ತಿದ್ದಾಳೆ ಎಂದು ಉಸಿರು ಬಿಡುವಳು.

ಹೀಗಿರುವಾಗ ಆ ಬ್ಯಾಂಕು ತನ್ನ ಕಾರ್ಡಿನ ಖಾತೆಗಳನ್ನೆಲ್ಲ ಇನ್ನೊಂದು ಬ್ಯಾಂಕಿಗೆ ಮಾರಿಬಿಟ್ಟಿತು. ಹಲ್ಲು ಕಿರಿದು ನಿಂತ ಗಂಡ ಹೆಂಡತಿ ಮಕ್ಕಳ ಚಿತ್ರವಿದ್ದ ಪತ್ರ ಬಂತು. 'ನೀವು ಏನೂ ಮಾಡಬೇಕಾಗಿಲ್ಲ' ಎಂದು ದಪ್ಪಕ್ಷರ. ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ಊರಿಗೆಲ್ಲ ಕನ್ನಡಕ ಕೊಡುವವಳು ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಸ್ವಲ್ಪ ದಿನಕ್ಕೆ ಅವಳ ಹೆಸರಿನ ಹೊಸ ಕಾರ್ಡು ಬಂತು. ಹುಡುಗಿಯದು ಹುಡುಗಿಗೇ ಹೋಗಿರಬೇಕು ಎಂದುಕೊಂಡಳು.

ಟಿಣ್ ನಿಂತುಹೋಯಿತು. ಮೊದಮೊದಲು, ಹೊಸ ಬ್ಯಾಂಕಿನವರು ಸಂದೇಶ ಕಳಿಸುವುದಿಲ್ಲವೇನೋ ಅನ್ನಿಸಿತು. ಆದರೆ ತಾನು ಸೋಪು ಕೊಂಡರೂ ಫೋನು ಬಾಯಿಬಿಡುತ್ತಿದೆ! ಇವತ್ತು ಫೋನ್ ಮಾಡೋಣ, ನಾಳೆ ಮಾಡೋಣ ಎಂದು ವಾರ ಕಳೆಯುವಷ್ಟರಲ್ಲಿ ಆ ಕಡೆಯಿಂದಲೇ ಕರೆ ಬಂತು.

"ಚಿಕ್ಕಮ್ಮ, ನಿಲ್ಲಿಸೋದಾಗಿದ್ರೆ ಹೇಳಿ ನಿಲ್ಲಿಸಬಹುದಿತ್ತು."

"ಏನಾಯ್ತೇ? ಹುಷಾರಾಗಿದೀಯಾ?"

"ಹಲ್ಲು ಕೀಳಿಸ್ಕೊಂಡು ಬಾಯ್ತುಂಬ ಹತ್ತಿ ಇಟ್ಕೊಂಡು ಕೌಂಟರ್ ಹತ್ರ ನಿಂತಿದ್ದೆ. ಕಾರ್ಡು ನಡೀತಿಲ್ಲ, ಬೇರೆ ಕೊಡಿ ಅಂತ ಎಲ್ಲರೆದುರು ಕೂಗಿದ್ರು. ಮಾತಾಡೋಕೂ ಆಗ್ಲಿಲ್ಲ. ಅಪ್ಪನ ವಾಚು ಬಿಚ್ಚಿಟ್ಟು ಬಂದೆ. ಆಮೇಲೆ ಸಾಲ ಮಾಡಿ ಬಿಡಿಸ್ಕೊಂಡೆ. ಸಂತೋಷಾನಾ?"

"ನಾನಲ್ಲ ಕಣೆ! ಬ್ಯಾಂಕು... ಆ ಬ್ಯಾಂಕನ್ನ ಇನ್ನೊಬ್ಬರಿಗೆ ಮಾರಿದ್ರು..."

"ಬ್ಯಾಂಕು ಮಾರಾಟ ಆಯ್ತಂತೆ!" ಎಂದು ನಕ್ಕು ಹುಡುಗಿ ಫೋನು ಇಟ್ಟಳು.

ಕನ್ನಡಕದಮ್ಮ ಅಂಗಡಿಯ ಬಾಗಿಲೆಳೆದು ನೇರ ಹೊಸ ಬ್ಯಾಂಕಿಗೆ ನಡೆದಳು. ಅಲ್ಲಿನ ಅಧಿಕಾರಿ ಮೃದು ಮಾತಿನ ಯುವಕ.

"ನಾವು ಕೊಂಡಿದ್ದು ಮುಖ್ಯ ಖಾತೆದಾರರನ್ನ ಮಾತ್ರ ಮೇಡಂ. ಆ್ಯಡ್-ಆನ್ ಕಾರ್ಡುಗಳು ಆ ವ್ಯವಹಾರದಲ್ಲಿ ಸೇರಿರಲಿಲ್ಲ. ಪತ್ರದ ಕೆಳಗಡೆ ಹಾಕಿದ್ವಲ್ಲ."

"ಅವಳಿಗೆ ಯಾಕೆ ತಿಳಿಸಲಿಲ್ಲ?"

"ಅವರು ನಮ್ಮ ಗ್ರಾಹಕರಲ್ಲ ಮೇಡಂ. ಬೇಕಿದ್ರೆ ಹೊಸದಾಗಿ ಸೇರಿಸಬಹುದು. ಅವರ ಸಹಿ ಬೇಕು. ಸಂಬಂಧ ಏನು?"

"ಮಗಳು."

ಅವಳು ಚೀಲದಿಂದ ತೆಗೆದುಕೊಟ್ಟ ಹುಡುಗಿಯ ಹಳೆಯ ಗುರುತಿನ ಚೀಟಿಯ ಪ್ರತಿಯನ್ನು ಅವನು ನೋಡಿದ. "ತಾಯಿ ಹೆಸರು ಬೇರೆ ಇದೆಯಲ್ಲ."

"ನನ್ನ ಗಂಡನ ಮಗಳು. ಸಾಕಿದ್ದು ನಾನು."

ಅವನು ಕಂಪ್ಯೂಟರಿನಲ್ಲಿ ಮೇಲೆ ಕೆಳಗೆ ಹುಡುಕಿದ. "ಅಂಥದ್ದೊಂದು ಇದರಲ್ಲಿಲ್ಲ ಮೇಡಂ. 'ಇತರೆ' ಅಂತ ಹಾಕ್ತೀನಿ. ಏನೂ ವ್ಯತ್ಯಾಸ ಆಗಲ್ಲ."

ಕೈಗೆ ಸಿಕ್ಕಿದ್ದನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಕೈಗೆ ಸಿಕ್ಕಿದ್ದು ಅವನು ಕೊಟ್ಟ ಅರ್ಜಿಯೊಂದೇ. ಮಡಚಿ ಚೀಲದಲ್ಲಿಟ್ಟುಕೊಂಡು ಮರುದಿನವೇ ಬಸ್ಸು ಹತ್ತಿದಳು.

ಕಾಲೇಜಿನಲ್ಲಿ ವಿಚಾರಿಸಿಕೊಂಡು ಹೋದರೆ, ಹುಡುಗಿ ಈಗ ತರಗತಿಗಳ ನಂತರ ಒಂದು ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಬೆ ತುಂಬಿದ ಕೋಣೆ. ತಂತಿಗಳ ಮೇಲೆ ಯಾರ್‍ಯಾರದೋ ಕೋಟುಗಳು. ಕೆನ್ನೆಯ ಒಂದು ಪಕ್ಕ ಇನ್ನೂ ಊದಿತ್ತು. ಕನ್ನಡಕದಮ್ಮ ಬ್ಯಾಂಕಿನ ಪತ್ರವನ್ನೂ ಅರ್ಜಿಯನ್ನೂ ಇಸ್ತ್ರಿ ಮೇಜಿನ ಮೇಲಿಟ್ಟಳು. ಹುಡುಗಿ ಇರುವೆ ಸಾಲನ್ನು ಪೂರ್ತಿ ಓದಿದಳು. ಅರ್ಜಿ ತಿರುವಿದಳು.

"ಇತರೆ," ಎಂದಳು. "ಸರಿಯಾಗೇ ಬರೆದಿದಾರೆ."

"ಹಾಗನ್ನಬೇಡ ಕಣೆ. ಈಗಾದ್ರೂ ನಂಬ್ತೀಯಾ?"

"ನಂಬ್ತೀನಿ. ತಪ್ಪು ನಿಮ್ಮದಲ್ಲ." ಕೋಟಿನ ಕಾಲರಿಗೆ ನೀರು ಚಿಮುಕಿಸಿದಳು. "ಒಂದು ಕೇಳ್ಲಾ? ನಾನು ಎಲ್ಲಿ ಏನು ಕೊಂಡ್ರೂ ನಿಮಗೆ ಗೊತ್ತಾಗ್ತಿತ್ತು ಅಲ್ವಾ?"

ಕನ್ನಡಕದಮ್ಮ ತಲೆಯಾಡಿಸಿದಳು.

"ನನಗೂ ಗೊತ್ತಿತ್ತು. ಔಷಧಿ ಅಂಗಡೀಲಿ ಕೈಯಲ್ಲಿ ಚಿಲ್ಲರೆ ಇದ್ರೂ ಬೇಕಂತ ಕಾರ್ಡೇ ಕೊಡ್ತಿದ್ದೆ. ಒಂದ್ಸಲ ಜ್ವರ ಇರಲಿಲ್ಲ, ಸುಮ್ನೆ ಹೋಗಿ ಮಾತ್ರೆ ತಗೊಂಡೆ. ಏನಾಯ್ತೇ ಅಂತ ಒಂದು ಫೋನ್ ಬರಬಹುದು ಅಂತ."

ಕನ್ನಡಕದಮ್ಮ ಅರ್ಜಿಯ ಅಂಚನ್ನು ನೇರ ಮಾಡಿದಳು. "ನೀನು ಬೈತೀಯಾ ಅಂತ..."

"ಬೈತಿದ್ನೇನೋ," ಎಂದಳು ಹುಡುಗಿ. "ಆದ್ರೆ ಕಾರ್ಡು ನಿಂತ್ಮೇಲೆ ಹಾಯಾಗಿದೆ ಚಿಕ್ಕಮ್ಮ. ಯಾರಿಗೂ ಕಾಯೋದಿಲ್ಲ. ಇದಕ್ಕೆ ಸಹಿ ಹಾಕಲ್ಲ, ಬೇಜಾರು ಮಾಡ್ಕೋಬೇಡಿ."

ಒಳಗಿನಿಂದ ಯಾರೋ ಕೂಗಿದರು. ಹುಡುಗಿ ಕೋಟುಗಳನ್ನು ತೋಳಿಗೆ ಹಾಕಿಕೊಂಡು, "ಸಂಜೆ ಬಸ್ಸಲ್ಲಿ ಜಾಗ ಸಿಗಲ್ಲ, ಈಗಲೇ ಹೊರಡಿ," ಎಂದು ಒಳಗೆ ಹೋದಳು. ಕೇಳುವವರಿಗೆ ಅದು ಕಾಳಜಿಯೇ. ಕನ್ನಡಕದಮ್ಮ ಮೇಜಿನ ಮೇಲಿನ ಅರ್ಜಿಯನ್ನು ಎತ್ತಿಕೊಂಡು ಹೊರಟಳು.

ಈಗ ಅವಳು ಭಾನುವಾರಗಳಂದು ಫೋನ್ ಮಾಡುತ್ತಾಳೆ. ಹುಡುಗಿ ಕೆಲವು ಸಲ ಎತ್ತುತ್ತಾಳೆ. "ಊಟ ಆಯ್ತಾ?" "ಆಯ್ತು." "ಹುಷಾರಾಗಿದೀಯಾ?" "ಹೂಂ." ಹಿಂದೆ ಅವಳ ಚಪ್ಪಲಿ ಸವೆದದ್ದು, ಪರೀಕ್ಷೆ ಬಂದದ್ದು, ಬ್ರೆಡ್ಡು ಮುಗಿದದ್ದು ಎಲ್ಲ ತಿಳಿಯುತ್ತಿತ್ತು. ಈಗ ಮಾತಾಡುತ್ತಾರೆ, ಏನೂ ತಿಳಿಯುವುದಿಲ್ಲ.