ಸೋಮವಾರದ ಪರೀಕ್ಷೆ

ಸೋಮವಾರ ಬಂತೆಂದರೆ ಟೈಲರಮ್ಮನಿಗೆ ಎದ್ದಾಗಿನಿಂದ ಎದೆ ಢವಢವ. ಪರೀಕ್ಷೆ ಗಂಡನದು, ಬೆವರುವವಳು ಹೆಂಡತಿ. ಲೋಕದಲ್ಲಿ ಇದೇನು ಹೊಸದಲ್ಲ ಬಿಡಿ, ಗಂಡನ ಕಾಯಿಲೆಗೆ ಹೆಂಡತಿ ಪಥ್ಯ ಮಾಡಿದ ಮನೆಗಳು ಬೇಕಾದಷ್ಟಿವೆ. ಆದರೆ ಇವಳು ಪಥ್ಯಕ್ಕೆ ನಿಲ್ಲಲಿಲ್ಲ. ಗಂಡನ ಪರೀಕ್ಷೆಯನ್ನೇ ತಾನು ಬರೆದಳು.

ಗಂಡ ಪೇಂಟರ್. ಅಂಗಡಿಗಳ ಬೋರ್ಡು ಬರೆಯುವುದರಲ್ಲಿ ಎತ್ತಿದ ಕೈ. ಆ ಬೀದಿಯ ಅರ್ಧಕ್ಕರ್ಧ ಬೋರ್ಡುಗಳು ಅವನ ಕೈಯವೇ. ಒಂದು ದಿನ ಔಷಧಿ ಅಂಗಡಿಯ ಬೋರ್ಡನ್ನು ಅರ್ಧ ಬರೆದು, ಏಣಿಯ ಮೇಲೇ ನಿಂತು, "ಮುಂದೇನ್ರಪ್ಪಾ ಬರೀಬೇಕು?" ಎಂದು ಕೆಳಗಿದ್ದವರನ್ನು ಕೇಳಿದ. ಎಲ್ಲರೂ ನಕ್ಕರು. ಮರುದಿನ ಅದೇ ಏಣಿಯ ಮೇಲಿಂದ ಅದೇ ಮಾತು ಕೇಳಿದಾಗ ಯಾರೂ ನಗಲಿಲ್ಲ. ಅಂಗಡಿಯವನು ಅವನನ್ನು ಮೆಲ್ಲಗೆ ಇಳಿಸಿ, ಕೈಹಿಡಿದು ಮನೆಗೆ ಕರೆತಂದು ಬಿಟ್ಟ.

ದೊಡ್ಡಾಸ್ಪತ್ರೆಯ ಮಿದುಳಿನ ವಿಭಾಗದಲ್ಲಿ ಆಗ ಮರೆವಿನ ಕಾಯಿಲೆಗೆ ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿತ್ತು. ಪ್ರಯೋಗಕ್ಕೆ ಸೇರಿದವರಿಗಷ್ಟೇ ಆ ಔಷಧಿ. ಹೊರಗೆ ಎಲ್ಲಿ ತಲೆಕೆಳಗಾಗಿ ನಿಂತರೂ ಸಿಗದು. ಪೇಂಟರನನ್ನು ಸೇರಿಸಿಕೊಂಡರು, ಆಗಾಗ ಬಂದು ತೋರಿಸಿ ಎಂದರು, ಜೊತೆಗೆ ಮನೆಗೊಂದು ಸ್ಲೇಟಿನಂಥ ಟಚ್‌ಸ್ಕ್ರೀನ್ ಟ್ಯಾಬ್ಲೆಟ್ಟನ್ನೂ ಕೊಟ್ಟು ಕಳಿಸಿದರು. ವಾರಕ್ಕೊಮ್ಮೆ, ಸೋಮವಾರ ಬೆಳಿಗ್ಗೆ, ಅದರ ಮೇಲೆ ಪರೀಕ್ಷೆ. ಚಿತ್ರಗಳು ಒಂದೊಂದಾಗಿ ಬಂದು ಮಾಯವಾಗುತ್ತವೆ. ಆಮೇಲೆ ಚಿತ್ರಗಳ ರಾಶಿಯಲ್ಲಿ ಮೊದಲು ಕಂಡವನ್ನು ಹುಡುಕಿ ಮುಟ್ಟಬೇಕು. ಚೆಲ್ಲಾಪಿಲ್ಲಿಯಾದ ಅಂಕಿಗಳನ್ನು ಸರದಿಯಂತೆ ಬೆರಳಿನಿಂದ ಕೂಡಿಸುತ್ತ ಹೋಗಬೇಕು. ಇದನ್ನೆಲ್ಲ ಹೇಳಿಕೊಟ್ಟವಳು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುವ ಹುಡುಗಿ. ಬಾಯಿ ತುಂಬ ನಗು, ಮಾತು ಮಾತ್ರ ಕಡ್ಡಿ ಮುರಿದಂತೆ.

"ಅಮ್ಮಾ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಆದ್ರೆ ಬಾಯಿ ಬಿಡಬೇಡಿ, ಕೈ ಹಾಕಬೇಡಿ. ತಪ್ಪು ಮುಟ್ಟಿದ್ರೆ ಮುಟ್ಲಿ. ನಮಗೆ ಆ ತಪ್ಪೇ ಬೇಕಾಗಿರೋದು."

"ತಪ್ಪು ಬೇಕು ಅನ್ನೋ ಪರೀಕ್ಷೇನ ಇದೇ ಮೊದಲು ನೋಡಿದ್ದು ಕಣಮ್ಮ," ಎಂದು ಟೈಲರಮ್ಮ ನಕ್ಕಿದ್ದಳು.

"ಅಂಕ ತೀರಾ ಇಳಿದು, ಅಲ್ಲೇ ನಿಂತುಬಿಟ್ರೆ ಔಷಧಿ ಹಿಡೀತಿಲ್ಲ ಅಂತ ಲೆಕ್ಕ. ಆಗ ಔಷಧಿ ನಿಲ್ಲಿಸಿಬಿಡ್ತಾರೆ."

ಹುಡುಗಿ ಹೇಳಿದ ನೂರು ಮಾತುಗಳಲ್ಲಿ ಟೈಲರಮ್ಮನ ಕಿವಿಗೆ ನಾಟಿದ್ದು ಈ ಕೊನೆಯದೊಂದೇ. ನಿಲ್ಲಿಸಿಬಿಡ್ತಾರೆ. ಮಕ್ಕಳಿಲ್ಲದ ಮನೆ. ಒಬ್ಬಳು ನಾದಿನಿ, ಅವಳೂ ದೂರದ ಊರಲ್ಲಿ. ಈ ಗಂಡನ ತಲೆಯಿಂದ ತಾನು ಅಳಿಸಿಹೋದರೆ ತನ್ನನ್ನು ಬಲ್ಲವರು ಯಾರಿದ್ದಾರೆ? ಅವಳಿಗಿದ್ದ ಭಯ ಅದು.

ಮೊದಮೊದಲು ಅವನೇ ಮಾಡಿದ. ಒಂದು ಸೋಮವಾರ ಜ್ವರ ಬಂದು ಮೈ ಕೆಂಡವಾಗಿತ್ತು. "ನಾನೇನು ಒಂದನೇ ಕ್ಲಾಸಾ? ಕೊಡೆ ಯಾವುದು, ಕೋಳಿ ಯಾವುದು ಅಂತ ಕೇಳ್ತಾರಲ್ಲ, ಮಾನ ಇದೆಯಾ ಇವರಿಗೆ?" ಎಂದು ರೇಗಿ, ಟ್ಯಾಬ್ಲೆಟ್ಟನ್ನು ಅತ್ತ ತಳ್ಳಿ ಗೋಡೆಗೆ ಮುಖ ಮಾಡಿದ. ಪರೀಕ್ಷೆ ತಪ್ಪಿಸುವಂತಿಲ್ಲ. ಇದೊಂದು ಸಲ ತಾನೇ ಎಂದುಕೊಂಡು ಅವಳೇ ಮುಟ್ಟಿ ಮುಗಿಸಿದಳು. ಮರುದಿನ ಹುಡುಗಿಯ ಫೋನು: "ಅಮ್ಮಾ, ಭೇಷ್! ಎಷ್ಟು ಸುಧಾರಿಸಿದೆ ನೋಡಿ."

ಅಷ್ಟೇ. ಹುಲಿ ಸವಾರಿ ಶುರುವಾಯಿತು. ಮುಂದಿನ ವಾರ ಅವನೇ ಮಾಡಿದರೆ ಅಂಕ ಧೊಪ್ಪನೆ ಬೀಳುತ್ತದೆ, ಬಿದ್ದರೆ ಅನುಮಾನ ಬರುತ್ತದೆ. ಹೀಗೆ ಇಳಿಯಲಾರದೆ ಪ್ರತಿ ಸೋಮವಾರವೂ ಅವಳೇ ಕೂತಳು. ಗಂಡನಿಗೂ ಪೀಡೆ ತೊಲಗಿತೆಂಬ ಸಮಾಧಾನ.

ಕಳ್ಳತನದಲ್ಲೂ ಅವಳದು ಅಚ್ಚುಕಟ್ಟು. ಎಲ್ಲ ಸರಿ ಮಾಡಿದರೆ ಸಿಕ್ಕಿಬೀಳುತ್ತೇನೆಂದು ಅಲ್ಲೊಂದು ಇಲ್ಲೊಂದು ಬೇಕೆಂದೇ ತಪ್ಪು ಮಾಡುತ್ತಿದ್ದಳು. ಹೊಲಿಗೆ ಒಂದು ನೂಲು ಸೊಟ್ಟಗಿದ್ದರೇ ಕೈ ಹೊಲಿಗೆ ಎಂದು ಜನ ನಂಬುವುದು. ತನ್ನ ಜಾಣತನಕ್ಕೆ ತಾನೇ ಒಳಗೊಳಗೆ ಹಿಗ್ಗುತ್ತಿದ್ದಳು, ಪಾಪದವಳು.

ದಿನಗಳು ಹೋದವು. ಎದುರು ಮನೆಯವಳು ಅಂಗಿಯೊಂದನ್ನು ವಾಪಸು ತಂದು, "ಏನಮ್ಮಾ ಇದು, ಬಲದ ತೋಳು ಎಡಕ್ಕೆ, ಎಡದ್ದು ಬಲಕ್ಕೆ! ನನ್ನ ಮಗನಿಗೆ ಕೈ ಹಿಂದುಮುಂದಾಗಿದೆಯಾ?" ಎಂದು ನಗಾಡಿದಳು. ಕರೆಂಟು ಹೋಗಿತ್ತು ಎಂದಳು ಟೈಲರಮ್ಮ. ಭಾನುವಾರದ ಫೋನಿನಲ್ಲಿ ನಾದಿನಿ, "ಅತ್ತಿಗೆ, ಇದನ್ನ ಈಗತಾನೇ ಕೇಳಿದ್ರಿ. ಅಣ್ಣನ ಕಾಯಿಲೆ ನಿಮಗೂ ಅಂಟಿತಾ ಹೇಗೆ?" ಎಂದು ಚುಡಾಯಿಸಿದಳು. "ಮರೆಯೋಕೆ ನನಗೆಲ್ಲಮ್ಮಾ ಪುರುಸೊತ್ತು?" ಎಂದು ಇವಳೂ ನಕ್ಕಳು. ಗಂಡನಿಗೆ ಉಣಿಸಿ, ಉಡಿಸಿ, ಗಿರಾಕಿಗಳನ್ನು ಸುಧಾರಿಸುವ ಹೆಂಗಸಿಗೆ ತಲೆ ಒಂದಿಷ್ಟು ಗಜಿಬಿಜಿ ಅನ್ನದೆ ಇನ್ನೇನಾದೀತು?

ಆಮೇಲೆ ಹುಡುಗಿಯ ಫೋನುಗಳ ದನಿ ಬದಲಾಯಿತು.

"ಅಮ್ಮಾ, ಅಂಕ ಇಳೀತಾನೇ ಇದೆ. ವಿಚಿತ್ರ ಅಂದ್ರೆ ಇಲ್ಲಿಗೆ ಬಂದಾಗ ಯಜಮಾನರು ಪರವಾಗಿಲ್ಲ, ಹಾಗೇ ಇದ್ದಾರೆ. ಮನೇಲೇ ಯಾಕೆ ಹೀಗೆ? ನಮ್ಮ ಲೆಕ್ಕಕ್ಕೆ ಬರೋದು ಮನೇದೇ. ಹೀಗೇ ಆದ್ರೆ ಔಷಧಿ ನಿಲ್ಲುತ್ತೆ."

ಟೈಲರಮ್ಮ ಹಣೆ ಚಚ್ಚಿಕೊಂಡಳು. ಅತಿ ಬುದ್ಧಿ ಮಾಡಲು ಹೋಗಿ ತಪ್ಪುಗಳನ್ನು ಜಾಸ್ತಿ ಹಾಕಿಬಿಟ್ಟೆ! ಇನ್ನು ಈ ನಾಟಕ ಸಾಕು, ಒಂದೇ ಒಂದು ತಪ್ಪೂ ಬೇಡ ಎಂದು ಗಟ್ಟಿ ಮಾಡಿದಳು. ಆ ಸೋಮವಾರ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಬಾಗಿಲು ಹಾಕಿ, ಕನ್ನಡಕ ಒರೆಸಿಕೊಂಡು, ಮೈಯೆಲ್ಲ ಕಣ್ಣಾಗಿ ಕೂತು ಮುಟ್ಟಿದಳು. ಎಲ್ಲವೂ ಸರಿಯಾಯಿತು ಎಂದೇ ಅನ್ನಿಸಿತು. ನೆಮ್ಮದಿಯಿಂದ ಎರಡು ತುತ್ತು ಹೆಚ್ಚಿಗೆ ಉಂಡಳು.

ಮರುದಿನ ಹುಡುಗಿ ಹೇಳಿದಳು: "ಇನ್ನೂ ಕೆಳಗೆ ಹೋಗಿದೆ ಅಮ್ಮಾ. ಇಷ್ಟು ಕಡಿಮೆ ಯಾವತ್ತೂ ಬಂದಿರಲಿಲ್ಲ. ಬರೋ ಸೋಮವಾರದ್ದೇ ಕೊನೇದು."

ಟ್ಯಾಬ್ಲೆಟ್ಟೇ ಕೆಟ್ಟಿದೆ ಎಂದು ಅವಳು ಅದನ್ನು ಬಾಯಿಗೆ ಬಂದಂತೆ ಬೈದಳು. ಕೊನೆಯ ಸೋಮವಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪೇಂಟರ್ ಟೀ ಲೋಟ ಹಿಡಿದು ಪಕ್ಕದಲ್ಲಿ ಬಂದು ಕೂತ. ಹೋಗಿ ಎನ್ನಲು ಅವಳಿಗೆ ವ್ಯವಧಾನವಿರಲಿಲ್ಲ. ಚಿತ್ರಗಳು ಬಂದವು, ಹೋದವು. ರಾಶಿ ಬಂತು. ಅವಳು ಬೆರಳು ಚಾಚಿದಳು.

"ಅದಲ್ಲ ಕಣೇ," ಎಂದ ಅವನು. "ಕೊಡೆ. ಕೊಡೆ ಬಂದಿತ್ತು."

"ಸುಮ್ನಿರ್ರೀ, ಕೊಡೆ ಎಲ್ಲಿ ಬಂತು?"

"ಬಂತು. ಕೊಡೆ, ಬೀಗ, ಮೇಕೆ, ಏಣಿ. ಕೊಡೆ ಹಿಡಿ ಬಲಕ್ಕೆ ಬಾಗಿತ್ತು. ಬರೆದೋನು ಕೆಟ್ಟದಾಗಿ ಬರೆದಿದ್ದಾನೆ, ಹಿಡಿ ಅಷ್ಟು ದಪ್ಪ ಇರಬಾರದು." ಅವಳ ಕೈ ಸರಿಸಿ ತಾನೇ ಮುಟ್ಟಿದ. ಕೊಡೆ. ಬೀಗ. ಮೇಕೆ. ಏಣಿ. ಅವನ ಬೆರಳು ಒಮ್ಮೆಯೂ ತಡವರಿಸಲಿಲ್ಲ. ಅಂಕಿಗಳನ್ನು ಕೂಡಿಸುವಾಗ ನಡುವೆ ದಾರಿ ತಪ್ಪಿದ, ಗೊಣಗಿದ, ಮತ್ತೆ ಸಿಕ್ಕಿತು. ಮುಗಿಸಿ, "ಇಷ್ಟಕ್ಕೆ ಬೆಳಗಿಂದ ಒದ್ದಾಡ್ತೀಯಲ್ಲ," ಎಂದು ತಣ್ಣಗಾದ ಟೀ ಕುಡಿದ.

ಕೊಡೆ ಬಂದದ್ದು ಅವಳಿಗೆ ಗೊತ್ತೇ ಇರಲಿಲ್ಲ. ಬೀಗವೂ ಇಲ್ಲ. ಕಣ್ಣು ಬಿಟ್ಟುಕೊಂಡೇ ಕೂತಿದ್ದಳಲ್ಲ!

ಆಸ್ಪತ್ರೆಯಲ್ಲಿ ಅವನು ಹಾಗೇ ಇದ್ದಾನೆಂದು ಹುಡುಗಿ ಹೇಳಿರಲಿಲ್ಲವೇ? ವಾರವಾರವೂ ಇಳಿದದ್ದು ಗಂಡನ ಅಂಕವಲ್ಲ, ತನ್ನದು. ಹಾಗೆಂದು ತನ್ನ ತಲೆಗೆ ಏನಾಗಿದೆ ಎಂಬ ಹೆದರಿಕೆ ಅವಳಿಗೆ ಮೊದಲು ಬರಲಿಲ್ಲ. ಮೊದಲು ಬಂದದ್ದು ಸಂಕಟ. ಔಷಧಿ ಅವನಿಗೆ ಹಿಡಿದಿತ್ತು, ಅವನ ಪಾಡಿಗೆ ಬಿಟ್ಟಿದ್ದರೆ ದಡ ಸೇರುತ್ತಿದ್ದ. ಕಾಯುತ್ತೇನೆಂದು ಕೂತು, ಕೈಯಾರೆ ಅವನ ಬಾಯಿಗೆ ಮಣ್ಣು ಹಾಕಿದೆನಲ್ಲಾ ಎಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅಂದೇ ಅವನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಅವನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಒಳಗೆ ಡಾಕ್ಟರ ಮುಂದೆ, ಹುಡುಗಿಯ ಮುಂದೆ, ಒಂದನ್ನೂ ಮುಚ್ಚಿಡದೆ ಹೇಳಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಬೈಯ್ರಿ, ಪೊಲೀಸಿಗೆ ಬೇಕಾದ್ರೂ ಕೊಡ್ರಿ. ಔಷಧಿ ಮಾತ್ರ ನಿಲ್ಲಿಸಬೇಡಿ. ಅವರಿಗೆ ಗುಣ ಆಗ್ತಿದೆ. ಈಗಲೇ ಕೂರಿಸಿ ನೋಡಿ."

ಡಾಕ್ಟರು ವಯಸ್ಸಾದವರು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಔಷಧಿ ಹಿಡಿದಿರಬಹುದು ಅಮ್ಮಾ, ಇಲ್ಲ ಅನ್ನಲ್ಲ. ಆದ್ರೆ ಬೇರೆಯವರು ಕೈ ಹಾಕಿದ ಮೇಲೆ ಅವರನ್ನ ಪ್ರಯೋಗದಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಇದು ನನ್ನ ಕೈ ಮೀರಿದ್ದು."

ಅವಳು ಕೈಮುಗಿದಳು. ಅವರು ಮುಗಿದ ಕೈಗಳನ್ನು ನೋಡದೆ ಮೇಜಿನ ಪರದೆಯಲ್ಲಿ ಅಂಕಗಳು ಇಳಿಯುತ್ತ ಹೋದ ಗೆರೆಯನ್ನೇ ನೋಡುತ್ತಿದ್ದರು.

"ಈ ಇಳಿದಿರೋದೆಲ್ಲ ನಿಮ್ಮದು ಅಂದ್ರಿ. ತಡ ಮಾಡೋದು ಬೇಡ. ನಿಮ್ಮನ್ನೂ ಪರೀಕ್ಷೆ ಮಾಡ್ತೀವಿ. ಇದೇ ಕಾಯಿಲೆ ಅಂತಾದ್ರೆ ಪ್ರಯೋಗಕ್ಕೆ ಸೇರಿಸ್ಕೊಳ್ಳೋಕೆ ನಾನು ಕೇಳಿ ನೋಡ್ತೀನಿ. ಆದ್ರೆ ಪ್ರತಿವಾರ ಪಕ್ಕದಲ್ಲಿ ಕೂತು ನೋಡ್ಕೊಳ್ಳೋರು ಒಬ್ಬರು ಬೇಕೇ ಬೇಕು. ಮನೇಲಿ ಯಾರಿದ್ದಾರೆ?"

ಟೈಲರಮ್ಮ ಬಾಗಿಲ ಗಾಜಿನ ಆಚೆಗೆ ನೋಡಿದಳು. ಡಾಕ್ಟರೂ ನೋಡಿದರು. ಬೆಂಚಿನ ಮೇಲೆ ಪೇಂಟರ್ ಅವಳ ಕೈಚೀಲವನ್ನು ಎರಡೂ ಕೈಯಿಂದ ಅವುಚಿಕೊಂಡು ಕೂತಿದ್ದ.

"ಅವರೇ," ಎಂದಳು.

ಡಾಕ್ಟರು ಬರೆಯಲೆಂದು ಎತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಅವಳು ಎದ್ದು ಹೊರಗೆ ಬಂದಳು. ಅವನು ಗಡಬಡಿಸಿ ನಿಂತ.

"ಏನಂದ್ರು? ಪಾಸಾದ್ನಾ?"

"ಪಾಸಾದ್ರಿ."

"ಮತ್ತೆ ಯಾಕೆ ಅಳ್ತಿದ್ದೀಯ?"

"ನಾನು ಫೇಲಾದೆ ಕಣ್ರೀ."

ಅವನು ಅವಳ ಮುಖವನ್ನೇ ನೋಡಿದ. ಏನು ಅರ್ಥವಾಯಿತೋ, ಏನು ಬಿಟ್ಟಿತೋ. ಆಮೇಲೆ ಅವಳ ಬೆನ್ನ ಮೇಲೆ ಕೈಯಿಟ್ಟು, "ಅಯ್ಯೋ ಅಷ್ಟೇನಾ? ಅದಕ್ಯಾಕೆ ಅಳಬೇಕು ಬಿಡೇ. ಬರೋ ಸೋಮವಾರ ನಾನು ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ," ಎಂದ.